ಉಕ್ಕು ಬೆಚ್ಚಗಿತ್ತು

ಹಿಮ ಕರಗಿತು.

ಒಂದು ಚಿಟಿಕೆ ಹಿಮ, ಅಷ್ಟೇ. ಉಕ್ಕಿನ ಪಟ್ಟಿಯ ಮೇಲೆ ಅದನ್ನು ಉದುರಿಸಿದವನು ನಾನೇ. ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿ, ಮೀಸೆಯ ಮೇಲೆ ಉಸಿರೇ ಗಟ್ಟಿಯಾಗುತ್ತಿತ್ತು. ಅಂಥದ್ದರಲ್ಲಿ ಆ ಹಿಮ ನೀರಾಗಿ ಪಟ್ಟಿಯ ಅಂಚಿನಿಂದ ತೊಟ್ಟಿಕ್ಕಿತು.

"ಪಕ್ಕದ್ದಕ್ಕೂ ಹಾಕು, ಪಿಂಟ್ಯಾ," ಎಂದರು ಕರ್ನಲ್ ಲಾಸ್ಕರ್.

ಹಾಕಿದೆ. ಅದೂ ಕರಗಿತು. ಹಿಂದಿನ ಎರಡು ಪಟ್ಟಿಗಳ ಮೇಲೆ ಹಾಕಿದ ಹಿಮ ಮಾತ್ರ ಉಪ್ಪಿನ ಹಾಗೆ ಹಾಗೇ ಕೂತಿತು.

"ಮುಂದಿನ ಜೋಡಿ ಬೆಚ್ಚಗಿದೆ," ಎಂದು ಕರ್ನಲ್ ಎಲ್ಲರಿಗೂ ಕೇಳುವಂತೆ ಹೇಳಿದರು. ಅವರ ದನಿಯೇ ಯಾಕೋ ಒಡೆದಂತಿತ್ತು.

ನಮ್ಮ ಸಿನಾಯಾದ ಬೆಟ್ಟದಲ್ಲಿ ಬಾಬ್ ಎಂಬ ಮಂಜುಗಡ್ಡೆಯ ಜಾರುಬಂಡಿ ಓಡಿಸುವವರು ಕುಡಿಯಲಿ, ಬೈಯಲಿ, ಒಬ್ಬರ ಹೆಂಡತಿಯನ್ನು ಇನ್ನೊಬ್ಬರು ಕುಣಿಯಲು ಕರೆಯಲಿ, ಯಾರೂ ಕೇಳುವುದಿಲ್ಲ. ಆದರೆ ಬಾಬ್‌ನ ಕೆಳಗೆ ಜೋಡಿಸುವ ಉಕ್ಕಿನ ಪಟ್ಟಿಗಳನ್ನು ಬಿಸಿ ಮಾಡಬಾರದು. ಬಿಸಿ ಉಕ್ಕು ಮಂಜುಗಡ್ಡೆಯ ಮೇಲೆ ಬೆಣ್ಣೆಯ ಮೇಲಿನ ಚಾಕುವಿನಂತೆ ಜಾರುತ್ತದೆ. ಸಿಕ್ಕಿಬಿದ್ದವನಿಗೆ ಜೀವಮಾನವಿಡೀ ನಿಷೇಧ.

ಹನ್ನೊಂದು ವರ್ಷದಿಂದ ಪಟ್ಟಿ ಪರೀಕ್ಷಿಸುವವರು ಈ ಕರ್ನಲ್ಲೇ. ಕೈಗವಸು ತೆಗೆದು, ಬರಿಗೈ ಇಟ್ಟು, ಕಣ್ಣು ಮುಚ್ಚಿ ಹತ್ತು ಎಣಿಸುವುದು ಅವರ ಪದ್ಧತಿ. ಇವತ್ತು ಮಾತ್ರ ಕೈಗವಸು ತೆಗೆಯದೆ "ಹಿಮ ಹಾಕಿ ನೋಡು" ಎಂದು ನನಗೆ ಹೇಳಿದ್ದರು. ಪಾಪ, ವಯಸ್ಸಾಯಿತು, ಚಳಿ ತಡೆಯುತ್ತಿಲ್ಲ ಅಂದುಕೊಂಡೆ.

ಪಟ್ಟಿಗಳು ಬಂದದ್ದು ನಮ್ಮ ಧಣಿ ಮಿಹ್ನಿಯಾ ಬೆಲ್ಕಾನು ಅವರ ಕುದುರೆ ಜಾರುಗಾಡಿಯ ಹಿಂದಿನ ಪೆಟ್ಟಿಗೆಯಲ್ಲಿ. ಅದರ ಮುಚ್ಚಳ ಎತ್ತಿ ಕೈಯಾಡಿಸಿದೆ. ಬೂದು ಬಣ್ಣದ ಉಣ್ಣೆಬಟ್ಟೆಯ ಗಂಟೊಂದು ಸಿಕ್ಕಿತು. ಬಟ್ಟೆಯ ಮೇಲಿಂದಲೇ ಕೈ ಚುರ್ ಎಂದಿತು. ಮೂಲೆ ಸರಿಸಿದರೆ ಕೆಂಪು ಇಟ್ಟಿಗೆ.

"ಏನಿದು, ಮಿಹ್ನಿಯಾ?" ಕರ್ನಲ್ ಕೇಳಿದರು.

ಧಣಿ ಇಟ್ಟಿಗೆಯನ್ನು ನೋಡಿದರು. ಬಟ್ಟೆಯನ್ನು ನೋಡಿದರು. ಅವರ ಮುಖದಲ್ಲಿ ಮೊದಲು ಆಶ್ಚರ್ಯ ಕಂಡಿತು, ಆಮೇಲೆ ಏನೋ ಹೊಳೆದಂತಾಯಿತು, ಆಮೇಲೆ ಆ ಮುಖ ಬಾಗಿಲು ಹಾಕಿಕೊಂಡಿತು. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದವನು ನಾನು. ಬಾಗಿಲು ಹಾಕಿಕೊಳ್ಳುವ ಮುಖಗಳು ನನಗೆ ಚೆನ್ನಾಗಿ ಗೊತ್ತು.

"ನಾನು ಏನೂ ಹೇಳೋದಿಲ್ಲ," ಎಂದರು.

"ಅಯ್ಯೋ ದೇವರೇ, ನಮ್ಮ ಧಣಿ ಅಂಥವರಲ್ಲ!" ಎಂದು ಕೂಗಿದವನು ಇಲಾರಿಯೆ. ಬಾಬ್‌ನಲ್ಲಿ ಧಣಿಯ ಬೆನ್ನಿಗೆ ಕೂತು ಬ್ರೇಕು ಹಿಡಿಯುವ ಕರಡಿ ಗಾತ್ರದ ಆಳು. "ಯಾರೋ ಕೇಡು ಬಗೆದವ್ರೆ! ಶನಿವಾರ ಹಗ್ಗ ಕುಯ್ದವ್ರೇ ಇದನ್ನೂ ಮಾಡವ್ರೆ!"

ಅದೂ ನಿಜವೇ. ಹೋದ ಶನಿವಾರ ಬಾಬ್ ತಿರುಗಿಸುವ ಹಗ್ಗವನ್ನು ಯಾರೋ ಅರ್ಧ ಕುಯ್ದಿದ್ದರು. ಇಲಾರಿಯೆಗೆ ಹಲ್ಲುನೋವು ಎಂದು ಧಣಿ ಒಬ್ಬರೇ ಇಳಿಯಲು ಹೊರಟಿದ್ದ ದಿನ ಅದು. ನನ್ನ ಕಣ್ಣಿಗೆ ಬಿದ್ದದ್ದರಿಂದ ಬಚಾವಾದರು.

"ಹನ್ನೆರಡಕ್ಕೆ ಸಮಿತಿ ಸೇರುತ್ತೆ," ಎಂದರು ಕರ್ನಲ್. "ಪಂದ್ಯ ಒಂದು ಗಂಟೆಗೆ. ಅಲ್ಲೀವರೆಗೆ ಇಟ್ಟಿಗೆ ಪಿಂಟ್ಯಾನ ಹತ್ರ ಇರ್ಲಿ. ಹೇಳೋದೇನಾದ್ರೂ ಇದ್ರೆ ಅಷ್ಟರೊಳಗೆ ಹೇಳು, ಮಿಹ್ನಿಯಾ."

ಆಗ ಗಂಟೆ ಒಂಬತ್ತು ಇಪ್ಪತ್ತು.

ಮಿಹ್ನಿಯಾ ಬೆಲ್ಕಾನು ಯಾರೆಂದು ನಮ್ಮ ಕಣಿವೆಯಲ್ಲಿ ಕುರಿ ಕಾಯುವವನನ್ನು ಕೇಳಿದರೂ ಹೇಳುತ್ತಾನೆ. ಏಳು ಹಳ್ಳಿಗಳನ್ನು ಆಳಿದ ಮನೆತನದ ಕೊನೆಯ ಕುಡಿ. ದೊಡ್ಡ ಯುದ್ಧದಲ್ಲಿ ತಂದೆ ಹೋದರು. ಯುದ್ಧ ಮುಗಿದ ಮೇಲೆ ಜಮೀನೆಲ್ಲ ರೈತರಿಗೆ ಹಂಚಿಹೋಯಿತು. ಬೇರೆ ಧಣಿಗಳು ಎದೆ ಬಡಿದುಕೊಂಡರು. ಹದಿನೆಂಟರ ಈ ಹುಡುಗ ಮಾತ್ರ ಕಾಗದಕ್ಕೆ ರುಜು ಹಾಕಿ, "ಓಡೋಕೆ ನೂರು ಮೀಟರ್ ನೆಲ ಉಳಿದ್ರೆ ನಂಗೆ ಸಾಕು" ಎಂದು ನಕ್ಕಿದ್ದರಂತೆ.

ಆ ನೂರು ಮೀಟರನ್ನು ಬೇಸಿಗೆಯಲ್ಲಿ ಹತ್ತು ಮುಕ್ಕಾಲು ಸೆಕೆಂಡಿನಲ್ಲಿ ಓಡಿ ದೇಶಕ್ಕೆ ಹೆಸರು ತಂದರು. ಚಳಿಗಾಲದಲ್ಲಿ ಬಾಬ್. ಇವತ್ತಿನ ಪಂದ್ಯ ಗೆದ್ದವರು ದೇಶದ ತಂಡ ಕಟ್ಟುತ್ತಾರೆ. ಅವರಿಗೆ ಈಗ ಉಳಿದಿರುವುದು ಒಂದು ಹಳೆಯ ಮನೆ, ಒಂದು ಜೋಡಿ ಕುದುರೆ ಮತ್ತು ಹೆಸರು. ಹನ್ನೆರಡು ಗಂಟೆಗೆ ಆ ಹೆಸರೂ ಹೋಗುವುದರಲ್ಲಿತ್ತು.

ಪಂದ್ಯ ಶುರುವಾಗುವ ಕಡೆ ನಮ್ಮದೊಂದು ಗುಡಿಸಲಿದೆ, ಅದರ ಹಿಂದಿನ ಬಯಲಿಗೆ ಹೋದೆ. ಪಂದ್ಯದ ದಿನ ಧಣಿ ಇಲ್ಲಿಗೆ ಬಂದ ಕೂಡಲೇ ಕುದುರೆ ಕಟ್ಟಿ, ಈ ಬಯಲಲ್ಲಿ ನೂರು ಮೀಟರನ್ನು ಹತ್ತು ಸಲ ಓಡುತ್ತಾರೆ. ಓಡುವ ಮುಂಚೆ ಬೂಟಿನಿಂದ ಗಾರೆಯವರ ಸಣ್ಣ ಕರಣೆ ತೆಗೆದು, ಕಾಲೂರಲು ಎರಡು ಗುಳಿ ತೋಡುತ್ತಾರೆ. ಓಟಗಾರರೆಲ್ಲ ಹಾಗೆಯೇ ಮಾಡುವುದು. ಎಡಗಾಲಿಗೆ ಒಂದು, ಅದರ ಹಿಂದೆ ಗೇಣು ಮೇಲೆ ನಾಲ್ಕು ಬೆರಳು ಬಿಟ್ಟು ಬಲಗಾಲಿಗೆ ಇನ್ನೊಂದು. ಗುಳಿ ತೋಡದೆ ಅವರು ಹೆಜ್ಜೆ ಕೀಳುವುದಿಲ್ಲ. "ಮದುವೆಗೆ ಹೋಗೋವಾಗ್ಲೂ ಗುಳಿ ತೋಡ್ತೀರಾ?" ಎಂದು ನಾನೇ ಎಷ್ಟು ಸಲ ಛೇಡಿಸಿಲ್ಲ!

ಗುಳಿಗಳು ಅಲ್ಲಿದ್ದವು. ಹೆಜ್ಜೆಗಳನ್ನು ಎಣಿಸಿದೆ. ಹತ್ತು ಸಲ ಹೋದದ್ದು, ಹತ್ತು ಸಲ ಬಂದದ್ದು. ಇಪ್ಪತ್ತು ನಿಮಿಷದ ಕೆಲಸ. ಅಷ್ಟು ಹೊತ್ತು ಜಾರುಗಾಡಿ ಗುಡಿಸಲಿನ ಮುಂದೆ ಒಂಟಿಯಾಗಿ ನಿಂತಿತ್ತು.

ನನ್ನ ಕಣ್ಣು ಎಲ್ಲಿತ್ತು ಅಂತೀರಾ? ಏಳೂವರೆಗೆ ಗುಡಿಸಲಿನ ಒಲೆ ಹಚ್ಚಿದವನು ಮತ್ತೆ ಒಳಗೆ ಹೋಗಿರಲಿಲ್ಲ. ಇಲಾರಿಯೆ ಕೈಗವಸು ಒಣಗಿಸಬೇಕೆಂದು ಬಂದ. ಒಣಗಿಸಿಕೋ ಹೋಗೋ ಎಂದು ಹೇಳಿ, ನಾನು ಕೆಳಗಿನ ತಿರುವಿಗೆ ಹೋಗಿ ಮಂಜುಗಡ್ಡೆಗೆ ನೀರು ಹುಯ್ಯುತ್ತಿದ್ದೆ. ಈ ಹಾದಿಯ ಮಂಜುಗಡ್ಡೆ ಕಾಯುವುದೇ ಈಗ ನನ್ನ ಹೊಟ್ಟೆಪಾಡು. ಒಂಬತ್ತು ಗಂಟೆಗೆ ಮೇಲೆ ಬಂದಾಗ ಕರ್ನಲ್ ತಮ್ಮ ಕೀಲಿಯಿಂದ ಗುಡಿಸಲಿನ ಬೀಗ ತೆಗೆಯುತ್ತಿದ್ದರು.

ಗುಡಿಸಲಿನ ಪಕ್ಕದಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಹಿಮದಲ್ಲಿ ಆಳವಾದ ಒಂದು ತೂತು, ಅಂಚೆಲ್ಲ ಕರಗಿ ಮತ್ತೆ ಗಟ್ಟಿಯಾಗಿತ್ತು. ಯಾರೋ ಬಿಸಿ ಚಹಾ ಚೆಲ್ಲಿರಬೇಕು ಅಂದುಕೊಂಡು ಮುಂದೆ ಹೋದೆ. ಮೂವತ್ತು ವರ್ಷದ ಪೊಲೀಸ್ ಬುದ್ಧಿ ನೋಡಿ!

"ಧಣೀ, ಗಾಡಿ ಹತ್ತಿ. ಮನೆಗೆ ಹೋಗೋಣ," ಎಂದೆ.

"ಯಾಕೆ?"

"ನಿಮ್ಮ ದಾದಿ ಸಫ್ತಮ್ಮನ ಹತ್ರ ಈ ಬಟ್ಟೆ ಬಗ್ಗೆ ಒಂದು ಮಾತು ಕೇಳ್ಬೇಕು."

ಅವರ ಮುಖ ಬಿಳಿಚಿತು. ಅಲ್ಲಿಗೆ ನನಗೆ ಅರ್ಧ ಉತ್ತರ ಸಿಕ್ಕಿತು.

ದಾರಿಯುದ್ದಕ್ಕೂ ಅವರು ಲಗಾಮು ಹಿಡಿದು ಮಾತಿಲ್ಲದೆ ಕೂತಿದ್ದರು. ಗಂಟು ನನ್ನ ತೊಡೆಯ ಮೇಲಿತ್ತು. ಸೇತುವೆ ದಾಟಿದ ಮೇಲೆ ತಡೆಯಲಾರದೆ ಹೇಳಿಯೇಬಿಟ್ಟರು. "ಸಾರ್ಜೆಂಟ್, ಆಕೆಗೆ ಎಪ್ಪತ್ತಾರು ವರ್ಷ. ನನ್ನನ್ನ ಎತ್ತಿ ಆಡಿಸಿ ಸಾಕಿದೋಳು. ಈ ಬಟ್ಟೆ ಆಕೆ ಪಟ್ಟಿ ಸುತ್ತೋಕೆ ಕೊಟ್ಟಿದ್ದು. ಇಟ್ಟಿಗೆ ಬಿಸಿ ಮಾಡಿ ಇಡೋದು ಆಕೆ ಅಭ್ಯಾಸ. ಎಲ್ಲಿ ಇಡ್ಬೇಕು, ಎಲ್ಲಿ ಇಡ್ಬಾರ್ದು ಆಕೆಗೇನು ಗೊತ್ತು? ಸಮಿತಿ ಮುಂದೆ ನಿಲ್ಸಿದ್ರೆ ಆಕೆ ಎದೆ ಒಡ್ಕೊಂಡು ಸಾಯ್ತಾಳೆ."

"ಅದಕ್ಕೆ ನೀವು ಜೀವಮಾನವಿಡೀ ಮನೇಲಿ ಕೂತ್ಕೋತೀರಾ?"

"ಮುದುಕಿ ಸೆರಗಿನ ಹಿಂದೆ ಬಚ್ಚಿಟ್ಕೊಂಡ ಅನ್ನಿಸ್ಕೊಳೋದಕ್ಕಿಂತ ಅದೇ ವಾಸಿ."

ನನಗೆ ಸಿಟ್ಟು ಬಂತು, ಅಳುವೂ ಬಂತು. ದೊಡ್ಡ ಮನೆತನದವರ ಕಷ್ಟವೇ ಇದು: ಅನ್ಯಾಯ ಸಹಿಸುತ್ತಾರೆ, ಬಾಯಿ ಬಿಟ್ಟು ಒಂದು ಮಾತು ಕೇಳುವುದಿಲ್ಲ.

ಸಫ್ತಮ್ಮ ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಮುದ್ದೆ ತಿರುವುತ್ತಿದ್ದಳು. ನಮ್ಮನ್ನು ಕಂಡವಳೇ ಕೋಲು ಎತ್ತಿದಳು.

"ಏನಯ್ಯಾ ಪಿಂಟ್ಯಾ, ಪಂದ್ಯ ಬಿಟ್ಟು ನನ್ ಮಗನ್ನ ಯಾಕೆ ವಾಪಸ್ ಕರ್ಕೊಂಡ್ ಬಂದೆ? ಬಿದ್ನಾ? ಕಾಲು ಮುರ್ಕೊಂಡ್ನಾ?"

"ಇಲ್ಲ ಸಫ್ತಮ್ಮ, ನೆಟ್ಟಗವ್ರೆ. ಇವತ್ತು ಬೆಳಿಗ್ಗೆ ಗಾಡೀಲಿ ನೀವು ಬಿಸಿ ಇಟ್ಟಿಗೆ ಇಟ್ರಾ?"

"ಸಾರ್ಜೆಂಟ್, ಬೇಡ," ಎಂದರು ಧಣಿ.

"ಇಟ್ಟೆ! ಇಡ್ದೆ ಇರ್ತೀನಾ?" ಸಫ್ತಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಇಂಥ ಚಳೀಲಿ ಕಾಲಡಿ ಇಟ್ಟಿಗೆ ಇಲ್ದೆ ಯಾವ ತಾಯಿ ಮಗನ್ನ ಗಾಡಿ ಹತ್ತಿಸ್ತಾಳೆ? ಇವನಪ್ಪನಿಗೂ ಇಟ್ಟೆ, ಇವನ ತಾತನಿಗೂ ಇಟ್ಟೆ. ಅದೂ ತಪ್ಪಾ ಈಗ?"

ಧಣಿ ಕಣ್ಣು ಮುಚ್ಚಿಕೊಂಡರು.

"ಎಲ್ಲಿ ಇಟ್ರಿ?" ಎಂದೆ.

"ಕಾಲಡಿ ಅಂದ್ನಲ್ಲ, ಕಿವುಡಾ? ಹುಲ್ಲಿನ ಒಳಗೆ."

"ಹಿಂದಿನ ಪೆಟ್ಟಿಗೇಲಿ?"

"ಪೆಟ್ಟಿಗೇಲಿ ಕಬ್ಬಿಣ ಇರುತ್ತೆ. ಕಬ್ಬಿಣಕ್ಕೇನು ಕಾಲು ಸೇದುತ್ತಾ?"

ಮುದುಕಿ ಶಾಲು ಹೊದ್ದು ತಾನೇ ಅಂಗಳಕ್ಕೆ ನಡೆದಳು. ಧಣಿ ಕೂರುವ ಜಾಗದ ಹುಲ್ಲಿಗೆ ಕೈ ಹಾಕಿ, ಕಂಬಳಿಯ ತುಂಡಿನಲ್ಲಿ ಸುತ್ತಿದ ಇಟ್ಟಿಗೆಯನ್ನು ಎಳೆದಳು. ಅದು ಕಲ್ಲಿನಷ್ಟು ತಣ್ಣಗಿತ್ತು.

ಇಲ್ಲಿ ನನ್ನ ತಲೆಗೆ ಹತ್ತಿತು. ಎಂಟು ಗಂಟೆಗೆ ಇಲ್ಲಿಂದ ಹೊರಟ ಇಟ್ಟಿಗೆ ಒಂಬತ್ತು ಇಪ್ಪತ್ತಕ್ಕೆ ಕೈ ಸುಡುವುದು ಹೇಗೆ? ನನ್ನ ಕೈ ಸುಟ್ಟ ಇಟ್ಟಿಗೆ ದೂರದಿಂದ ಬಂದದ್ದಲ್ಲ. ಅದು ಬೆಟ್ಟದ ಮೇಲೇ ಕಾದದ್ದು.

ಧಣಿ ಆ ತಣ್ಣನೆಯ ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮುದುಕಿಯ ಹಣೆಗೆ ಮುತ್ತು ಕೊಟ್ಟರು. ಬೆಳಗಿನಿಂದ ಮೊದಲ ಸಲ ಅವರು ನಕ್ಕರು.

"ಅವ್ವ, ನೀನಲ್ಲ! ನೀನಲ್ಲವೇ ಅಲ್ಲ!"

"ಏನು ನಾನಲ್ಲ? ಬಿಡು, ಮುದ್ದೆ ತಳ ಹಿಡಿಯುತ್ತೆ."

ಅಡುಗೆಮನೆಯ ಮೇಜಿನ ಮೇಲೆ ನನ್ನ ಗಂಟು ಬಿಚ್ಚಿದೆ. ಈಗ ಅದೂ ಆರಿತ್ತು. ಹೊರಳಿಸಿದೆ. ಒಂದು ಮೂಲೆ ಓರೆಯಾಗಿ ಒಡೆದಿತ್ತು.

ಆ ಮೂಲೆಯ ಮೇಲೆ ಬೆರಳಾಡಿಸಿದೆ. ಹೋದ ಶರತ್ಕಾಲದಲ್ಲಿ ಗುಡಿಸಲಿನ ಒಲೆ ಕಟ್ಟಿದವನು ನಾನು. ಹೊಗೆ ಕೊಳವೆಯ ಸುತ್ತ ಕೂರಲೆಂದು ಎರಡೇ ಎರಡು ಇಟ್ಟಿಗೆಗಳ ಮೂಲೆಯನ್ನು ಹೀಗೆ ಓರೆಯಾಗಿ ಒಡೆದು, ಗಾರೆ ಹಾಕದೆ ಒಲೆಯ ಮೇಲೆ ಇಟ್ಟಿದ್ದೆ. ಆ ಗುಡಿಸಲಿನಲ್ಲಿ ಪಂದ್ಯದ ಗಡಿಯಾರಗಳಿವೆ, ಸದಾ ಬೀಗ. ಕೀಲಿ ಎರಡೇ. ಒಂದು ನನ್ನದು, ಇನ್ನೊಂದು ಕರ್ನಲ್ಲರದು.

ಅಷ್ಟರಲ್ಲಿ ಅಂಗಳದಲ್ಲಿ ಕುದುರೆ ಗೆಜ್ಜೆ ಸದ್ದಾಯಿತು. ಕರ್ನಲ್ ಲಾಸ್ಕರ್ ಒಬ್ಬರೇ ಬಂದಿದ್ದರು.

"ಇಟ್ಟಿಗೆ ಎಲ್ಲಿ, ಪಿಂಟ್ಯಾ?" ಬಾಗಿಲಲ್ಲೇ ನಿಂತು ಕೇಳಿದರು. "ಕೊಡು ಇಲ್ಲಿ."

ನಾನು ಕೊಡಲಿಲ್ಲ. ಈ ಮನುಷ್ಯನೇ ನನಗೆ ಕೆಲಸ ಕೊಡಿಸಿದವರು. ಆದರೂ ಕೊಡಲಿಲ್ಲ. "ಬನ್ನಿ, ಕೂತ್ಕೊಳಿ ಕರ್ನಲ್," ಎಂದು ಸಫ್ತಮ್ಮನ ಕಡೆ ತಿರುಗಿದೆ. "ಅತಿಥಿ ಬಂದವ್ರೆ, ಸಫ್ತಮ್ಮ."

ಅಷ್ಟು ಸಾಕಾಯಿತು. ನಮ್ಮಲ್ಲಿ ಶತ್ರುವೇ ಬಂದರೂ ಮೊದಲು ತಟ್ಟೆ ಬರುತ್ತದೆ: ಒಂದು ಚಮಚ ಗುಲಾಬಿ ಮುರಬ್ಬ, ಒಂದು ಲೋಟ ತಣ್ಣೀರು. ಬೇಡ ಅನ್ನುವ ಹಾಗಿಲ್ಲ. ಕೈಗವಸು ಹಾಕಿಕೊಂಡು ಮುಟ್ಟುವ ಹಾಗಂತೂ ಇಲ್ಲವೇ ಇಲ್ಲ.

ಕರ್ನಲ್ ಎಡಗೈ ಕೈಗವಸು ತೆಗೆದು, ಎಡಗೈಯಲ್ಲಿ ಚಮಚ ಎತ್ತಿಕೊಂಡರು.

"ಸ್ವಾಮೀ," ಎಂದಳು ಸಫ್ತಮ್ಮ, "ನಲವತ್ತು ವರ್ಷದಿಂದ ನೀವು ಈ ಮನೆ ಮುರಬ್ಬ ತಿಂತಾ ಇದೀರಿ. ಎಡಗೈಲಿ ಯಾವತ್ತೂ ತಿಂದಿಲ್ಲ."

ಬಲಗೈ ತಾನಾಗಿಯೇ ಕೋಟಿನ ಮರೆಗೆ ಸರಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಬಲಗೈ ತೋರ್ಸಿ ಕರ್ನಲ್," ಎಂದೆ. ಇಟ್ಟಿಗೆಯನ್ನು ಅವರ ಮುಂದೆ ಸರಿಸಿದೆ. "ಇದು ಗುಡಿಸಲಿನ ಇಟ್ಟಿಗೆ. ಮುಟ್ಟಿದೋರ ಕೈ ಸುಟ್ಟಿರುತ್ತೆ."

ಅವರು ಚಮಚವನ್ನು ತಟ್ಟೆಗೆ ಹಾಕಿದರು. ಆಮೇಲೆ ಹಲ್ಲು ಕಚ್ಚಿ ಕೈಗವಸು ಎಳೆದರು. ಅಂಗೈ ತುಂಬ ಬೊಬ್ಬೆ. ಸಫ್ತಮ್ಮ "ಅಯ್ಯೋ" ಎಂದು ತಟ್ಟೆ ಕೆಳಗಿಟ್ಟಳು.

"ನೀವು!" ಎಂದರು ಮಿಹ್ನಿಯಾ. "ನಮ್ಮಪ್ಪನ ಸ್ನೇಹಿತರು ನೀವು!"

"ಅದಕ್ಕೇ ಸುಟ್ಕೊಂಡೆ ಕಣೋ, ಹುಚ್ಚಪ್ಪ!" ಮುದುಕ ಸಿಡಿದರು. "ಒಂಬತ್ತಕ್ಕೆ ಐದು ನಿಮಿಷ ಇತ್ತು. ನಿನ್ನ ಗಾಡಿ ಪೆಟ್ಟಿಗೆಯಿಂದ ಹಬೆ ಏಳ್ತಾ ಇತ್ತು. ತೆಗೆದು ನೋಡ್ತೀನಿ, ಎರಡು ಇಟ್ಟಿಗೆ! ಒಂದು ಮುಂದಿನ ಜೋಡಿ ಹತ್ರ, ಒಂದು ಹಿಂದಿನ ಜೋಡಿ ಹತ್ರ. ಸತ್ತ ಗೆಳೆಯನ ಮಗ ಕಳ್ಳ ಆಗ್ಬಿಟ್ಟ ಅಂದ್ಕೊಂಡೆ. ಹಿಂದಿನದನ್ನ ಬರಿಗೈಲಿ ಕಿತ್ತು ಹಿಮಕ್ಕೆ ಎಸೆದೆ. ಇನ್ನೊಂದಕ್ಕೆ ಕೈ ಹಾಕೋಷ್ಟರಲ್ಲಿ ಪಿಂಟ್ಯಾ ಮೇಲೆ ಬರ್ತಾ ಇದ್ದ. ನ್ಯಾಯ ನೋಡಬೇಕಾದೋನು ನಾನು, ಕದ್ದು ಮುಚ್ಚೋಕೆ ಹೋದೆ. ನಾಚಿಕೆ ಆಯ್ತು, ಬಾಯಿ ಬಿಡ್ಲಿಲ್ಲ."

ಗುಡಿಸಲಿನ ಪಕ್ಕದ ತೂತು ನನ್ನ ಕಣ್ಣ ಮುಂದೆ ಬಂತು. ಚಹಾ ಅಂತೆ ಚಹಾ!

ಒಬ್ಬರು ದಾದಿಗಾಗಿ ಬಾಯಿ ಮುಚ್ಚಿಕೊಂಡಿದ್ದರು, ಇನ್ನೊಬ್ಬರು ಗೆಳೆಯನ ಮಗನಿಗಾಗಿ. ಇಬ್ಬರದೂ ತಪ್ಪು ಲೆಕ್ಕ. ನನಗೆ ಎಷ್ಟು ಸಂತೋಷವಾಯಿತೆಂದರೆ, ಕೇಳದೆಯೇ ಒಂದು ಚಮಚ ಮುರಬ್ಬ ಬಾಯಿಗೆ ಹಾಕಿಕೊಂಡೆ.

"ನಾನು ಮಾಡ್ಲಿಲ್ಲ, ಮಾವ," ಎಂದರು ಮಿಹ್ನಿಯಾ. ಚಿಕ್ಕಂದಿನಲ್ಲಿ ಹಾಗೆ ಕರೆಯುತ್ತಿದ್ದರೆಂದು ಕಾಣುತ್ತದೆ. ಮುದುಕರ ಕಣ್ಣು ತುಂಬಿತು.

"ಗೊತ್ತಾಯ್ತು. ಆ ಹಿಮದ ಹೆಜ್ಜೆಗಳನ್ನ ನಾನೂ ಎಣಿಸಿ ಬಂದೆ. ಓಡ್ತಾ ಇದ್ದೋನು ಒಲೆ ಹತ್ರ ಹ್ಯಾಗಿರ್ತಾನೆ? ಅದನ್ನ ಹೇಳೋಕೇ ಬಂದೆ. ಸಮಿತಿ ಮುಂದೆ ನಡೆದದ್ದೆಲ್ಲ ಹೇಳ್ತೀನಿ, ಈ ಕೈಯನ್ನೂ ತೋರಿಸ್ತೀನಿ. ನನ್ನ ಹುದ್ದೆ ಹೋದ್ರೆ ಹೋಗ್ಲಿ. ನೀನು ಇವತ್ತು ಓಡಿಸ್ತೀಯ."

ಸಫ್ತಮ್ಮ ಶಿಲುಬೆಯ ಗುರುತು ಹಾಕಿಕೊಂಡು, ಕರ್ನಲ್ಲರ ಅಂಗೈಗೆ ಬೆಣ್ಣೆ ಸವರತೊಡಗಿದಳು. ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಎಲ್ಲ ಸರಿಹೋಗುತ್ತದೆ ಎಂದು ಅನ್ನಿಸಿದ ಹೊತ್ತು ಅದು.

"ಆದ್ರೆ ಇಟ್ಟಿಗೆ ಇಟ್ಟೋರು ಯಾರು?" ಎಂದು ಕೇಳಿದರು ಕರ್ನಲ್. ಎಡಗೈಯಿಂದ ಕೊರಳ ದಾರ ಎಳೆದು ಕೀಲಿ ತೋರಿಸಿದರು. "ನನ್ನದು ಇಲ್ಲಿದೆ. ನಿನ್ನದೆಲ್ಲಿ, ಪಿಂಟ್ಯಾ?"

ಸೊಂಟದ ಪಟ್ಟಿಗೆ ಕೈ ಹಾಕಿದೆ. ಕೊಂಡಿ ಖಾಲಿ ಇತ್ತು.

ಆಗ ನೆನಪಾಯಿತು. ಏಳೂವರೆ ಗಂಟೆ. ಗುಡಿಸಲಿಗೆ ಬೀಗ ಹಾಕಿ ಹೊರಟಿದ್ದೆ. ಕೈಗವಸು ಒಣಗಿಸಬೇಕೆಂದು ಅವನು ಬಂದ. ಒಣಗಿಸಿಕೋ ಹೋಗೋ ಎಂದು ನಾನೇ ಕೀಲಿ ಬಿಚ್ಚಿ ಅವನ ಕೈಗೆ ಕೊಟ್ಟೆ. ಮನೆಯವನೇ ಅಲ್ಲವೇ ಎಂದು ವಾಪಸ್ ಕೇಳಲೂ ಇಲ್ಲ.

"ಯಾರಿಗೆ ಕೊಟ್ಟೆ?" ಎಂದರು ಕರ್ನಲ್.

"ಇಲಾರಿಯೆಗೆ," ಎಂದೆ.

ಮಿಹ್ನಿಯಾ ನಗಲು ನೋಡಿದರು. "ಇಲಾರಿಯೆ? ಆರು ವರ್ಷದಿಂದ ನನ್ನ ಬೆನ್ನ ಹಿಂದೆ ಕೂರೋನು, ಸಾರ್ಜೆಂಟ್. ನಾನು ಬಿದ್ರೆ ಅವನೂ ಬೀಳ್ತಾನೆ."

"ಶನಿವಾರ ಅವನು ಕೂತಿರ್ಲಿಲ್ಲ, ಧಣಿ. ಹಲ್ಲುನೋವು ಅಂದಿದ್ದ. ಯಾಕೆ ಮಾಡ್ದ ಅಂತ ಅವನೇ ಹೇಳ್ಬೇಕು."

ಕರ್ನಲ್ ಮೇಜು ಹಿಡಿದು ಎದ್ದು ನಿಂತರು. "ಬರೋವಾಗ ಅವನಿಗೇ ಹೇಳಿ ಬಂದೆ. ಪಟ್ಟಿ ಆರಿವೆ, ಬಾಬ್‌ಗೆ ಜೋಡಿಸಿಡು ಅಂತ. ಬಾಬ್ ಹತ್ರ ಒಬ್ಬನೇ ಇದಾನೆ, ಈ ಸಲ ಏನು ಕುಯ್ತಾನೋ!"

ಧಣಿ ಆಗಲೇ ಅಂಗಳದಲ್ಲಿದ್ದರು. ಕೋಟು ಹಿಮದ ಮೇಲೆ ಬಿತ್ತು.

"ಗಾಡಿ ಹತ್ತಿ, ಧಣೀ!" ಎಂದು ಕೂಗಿದೆ.

"ಗಾಡಿ ದಾರಿ ಸುತ್ತು! ನೀವು ಅದ್ರಲ್ಲಿ ಬನ್ನಿ!"

ಪೈನ್ ಮರಗಳ ನಡುವಿನ ನೇರ ಏರನ್ನು ಅವರು ಹಿಡಿದರು. ಬಾಗಿಲಿಗೆ ಓಡಿಬಂದು ನೋಡಿದೆ. ಅವರ ಬೂಟಿನಿಂದ ಜಾರಿದ ಕರಣೆ ನನ್ನ ಹಿಂದೆ ಅಡುಗೆಮನೆಯ ನೆಲದ ಮೇಲೆ ಬಿದ್ದಿತ್ತು. ಮಿಹ್ನಿಯಾ ಬೆಲ್ಕಾನು ಗುಳಿ ತೋಡದೆ ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು.